ಡೇಟಾ ಸೆಂಟರ್ ಬೇಡ ಅನ್ನುವ ಊರು ನಮ್ಮನ್ನು ಏನು ಕೇಳುತ್ತಿದೆ?

(ನಮ್ಮ ಚಾನೆಲ್‌ನಲ್ಲಿ ಬಂದ ಮಾತಿನ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದೆ.)



ನಾನು ಬೀದರ್ ಜಿಲ್ಲೆಯವನು. ಎಂಟೆಕ್ ಮುಗಿಸಿ ಹೈದರಾಬಾದಿಗೆ ಬಂದು ಹತ್ತು ವರ್ಷ ಆಯ್ತು. ಸನತ್‌ನಗರದಲ್ಲಿ ಬಾಡಿಗೆ ಮನೆ. ಬೆಳಿಗ್ಗೆ ಭರತ್‌ನಗರದಲ್ಲಿ ಎಂಎಂಟಿಎಸ್ ಹತ್ತಿ ಹೈಟೆಕ್ ಸಿಟಿಗೆ ಹೋಗ್ತೀನಿ. ನಿಮ್ಮಲ್ಲಿ ಎಷ್ಟೋ ಜನ ಅದೇ ಡಬ್ಬಿಯಲ್ಲಿ ನನ್ನ ಪಕ್ಕದಲ್ಲೇ ನಿಂತಿರಬಹುದು.

ನನ್ನ ಕೆಲಸ ಕೆಪಾಸಿಟಿ ಪ್ಲಾನಿಂಗ್. ನಮ್ಮ ಸಾಫ್ಟ್‌ವೇರ್ ಓಡೋದಕ್ಕೆ ಮುಂದಿನ ವರ್ಷ ಎಷ್ಟು ಸರ್ವರ್ ಬೇಕು, ಯಾವ ಕ್ಲೌಡ್ ರೀಜನ್‌ನಲ್ಲಿ ತಗೊಂಡರೆ ಅಗ್ಗ, ಎಲ್ಲಿ ಲೇಟೆನ್ಸಿ ಕಡಿಮೆ ಅಂತ ಲೆಕ್ಕ ಹಾಕೋದು. ಒಂದು ದೊಡ್ಡ ಸ್ಪ್ರೆಡ್‌ಶೀಟ್ ಇದೆ. ಅದರಲ್ಲಿ ‘ಹೈದರಾಬಾದ್’ ಅನ್ನೋದು ಒಂದು ಸಾಲು, ‘ಮುಂಬೈ’ ಇನ್ನೊಂದು ಸಾಲು. ಆ ಸಾಲುಗಳ ಹಿಂದೆ ಹೊಲ, ಕೆರೆ, ಗ್ರಾಮ ಪಂಚಾಯ್ತಿ ಇರುತ್ತೆ ಅಂತ ನನಗೆ ಇತ್ತೀಚಿನವರೆಗೂ ಹೊಳೆದಿರಲಿಲ್ಲ. ಇವತ್ತಿನ ಮಾತು ಅದರ ಬಗ್ಗೆ.

ಇದು ಶುರುವಾಗಿದ್ದು ಅಪ್ಪನ ಒಂದು ಫೋನಿನಿಂದ. 2025ರ ಅಕ್ಟೋಬರ್. ಗೂಗಲ್ ಕಂಪನಿ ವಿಶಾಖಪಟ್ಟಣದಲ್ಲಿ ಐದು ವರ್ಷದಲ್ಲಿ 15 ಬಿಲಿಯನ್ ಡಾಲರ್ ಹೂಡ್ತೀನಿ, 1 ಗಿಗಾವ್ಯಾಟ್ ಸಾಮರ್ಥ್ಯದ ಡೇಟಾ ಸೆಂಟರ್ ಕಟ್ತೀನಿ ಅಂತ 14ನೇ ತಾರೀಖು ಘೋಷಿಸಿತು. ಅಪ್ಪ ನಿವೃತ್ತ ಪ್ರೈಮರಿ ಶಾಲೆ ಮೇಷ್ಟ್ರು. ಪೇಪರ್ ಪೂರ್ತಿ ಓದಿಯೇ ಫೋನ್ ಮಾಡೋರು.

‘ಲಕ್ಷ ಕೋಟಿ ಮ್ಯಾಲ ಅಂತಪ್ಪ. ನಮ್ ಕಡಿ ಯಾಕ ಬರಲ್ಲ ಇಂಥವು? ನೀ ಅದೇ ಕೆಲಸದಾಗ ಇದ್ದಿ, ಹೇಳು’ ಅಂದ್ರು.

‘ಎರಡು ದಿನ ಬಿಟ್ಟು ಹೇಳ್ತೀನ್ರಿ ಅಪ್ಪ’ ಅಂದೆ. ಎರಡು ದಿನ ಅಂದದ್ದು ತಿಂಗಳುಗಟ್ಟಲೆ ಆಯ್ತು. ಯಾಕಂದ್ರೆ ನಾನು ಉತ್ತರ ಹುಡುಕ್ತಾ ಹೋದಾಗ ಸಿಕ್ಕಿದ್ದು, ಡೇಟಾ ಸೆಂಟರ್ ಬೇಡ ಅಂತಿರೋ ಜನ.

ಮೊದಲು ವಿಶಾಖಪಟ್ಟಣದ್ದೇ ನೋಡೋಣ. ಯೋಜನೆಗೆ ಮೂರು ಕಡೆ ಸೇರಿ 480 ಎಕರೆ. ತರ್ಲುವಾಡ, ಅಡವಿವರಂ-ಮುಡಸರ್ಲೋವ, ರಾಂಬಿಲ್ಲಿ. ತರ್ಲುವಾಡ ಅನ್ನೋದು ಆನಂದಪುರಂ ಮಂಡಲದ ಒಂದು ಹಳ್ಳಿ. ಅಲ್ಲಿನ ರೈತರು ಜಮೀನು ಕೊಡೋ ವಿಷಯದಲ್ಲಿ ವಿರೋಧಕ್ಕೆ ನಿಂತರು. ಅವರಲ್ಲಿ ಡಿ-ಪಟ್ಟಾ ಜಮೀನಿನವರೂ ಇದ್ದಾರೆ, ಅಂದ್ರೆ ಭೂಮಿ ಇಲ್ಲದ ಬಡವರಿಗೆ ಸರ್ಕಾರವೇ ಹಿಂದೆ ಹಂಚಿದ ಜಮೀನು. ಉಳುಮೆ ಮಾಡೋಕೆ ಅಂತ ಕೊಟ್ಟದ್ದು, ಮಾರೋ ಹಾಗಿರಲಿಲ್ಲ. ಕೊಟ್ಟ ಸರ್ಕಾರವೇ ವಾಪಸ್ ಕೇಳೋಕೆ ಬಂದಾಗ ಅಂಥವರ ಕೈಯಲ್ಲಿ ಹೆಚ್ಚೇನೂ ಇರಲ್ಲ. ಹ್ಯೂಮನ್ ರೈಟ್ಸ್ ಫೋರಂ ಸಂಘಟನೆ ನೀರು, ಕರೆಂಟ್ ಬಗ್ಗೆ ಪ್ರಶ್ನೆ ಎತ್ತಿತು. ವಿಶಾಖಪಟ್ಟಣಕ್ಕೇ ನೀರಿನ ತಾಪತ್ರಯ ಇರೋವಾಗ ಇದಕ್ಕೆ ಎಲ್ಲಿಂದ ಅಂತ.

ಆದರೆ ಅದೇ ವಾರ ನಮ್ಮ ಕನ್ನಡ ವಾಟ್ಸಾಪ್ ಗ್ರೂಪುಗಳಲ್ಲಿ ಏನು ನಡೀತಿತ್ತು ನೆನಪಿದೆಯಾ? ಆಂಧ್ರ ಸರ್ಕಾರ 22,000 ಕೋಟಿ ರೂಪಾಯಿ ರಿಯಾಯಿತಿ ಕೊಟ್ಟು ಕರೆಸಿಕೊಂಡಿದೆ ಅಂತ ನಮ್ಮ ಐಟಿ ಮಂತ್ರಿ ಪ್ರಿಯಾಂಕ್ ಖರ್ಗೆ ಟೀಕಿಸಿದರು. ಆಂಧ್ರದ ಊಟದ ಹಾಗೆ ನಮ್ಮ ಹೂಡಿಕೆಯೂ ಖಾರ, ಪಕ್ಕದವರಿಗೆ ಉರಿ ಹತ್ತಿದೆ ಅನ್ನೋ ಅರ್ಥದಲ್ಲಿ ನಾರಾ ಲೋಕೇಶ್ ತಿರುಗೇಟು ಕೊಟ್ಟರು. ನಾವು ಎರಡು ಪಾರ್ಟಿ ಆದ್ವಿ. ಬೆಂಗಳೂರು ಸೋತಿತಾ, ವೈಜಾಗ್ ಗೆದ್ದಿತಾ ಅಂತ ಕ್ರಿಕೆಟ್ ಸ್ಕೋರ್ ಥರ ವಾದ. ತರ್ಲುವಾಡ ಅನ್ನೋ ಹೆಸರು ನಮ್ಮ ಗ್ರೂಪಿನಲ್ಲಿ ಒಬ್ಬರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಮುಚ್ಚಿಟ್ಟು ಪ್ರಯೋಜನ ಇಲ್ಲ.

ಇದಕ್ಕೆ ಮೂರು ತಿಂಗಳ ಹಿಂದೆ ಇದೇ ನಾಟಕ ಉಲ್ಟಾ ಆಗಿತ್ತು. ದೇವನಹಳ್ಳಿ ತಾಲೂಕು ಚನ್ನರಾಯಪಟ್ಟಣ ಹೋಬಳಿ. ಏರೋಸ್ಪೇಸ್ ಪಾರ್ಕಿಗೆ ಅಂತ 13 ಹಳ್ಳಿಗಳ 1,777 ಎಕರೆ ತಗೊಳ್ಳೋಕೆ ಹೊರಟಿದ್ದರ ವಿರುದ್ಧ ರೈತರು 2022ರ ಏಪ್ರಿಲ್‌ನಿಂದ ಧರಣಿ ಕೂತಿದ್ದರು. ಮೂರು ವರ್ಷ ಮೇಲಾಯ್ತು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಭೂಸ್ವಾಧೀನ ಕೈಬಿಟ್ಟಿದ್ದೀವಿ ಅಂದರು. ಕೂಡಲೇ ಲೋಕೇಶ್, ಏರೋಸ್ಪೇಸ್ ಕಂಪನಿಗಳೇ, ಬೆಂಗಳೂರಿನ ಪಕ್ಕದಲ್ಲೇ ನಮ್ಮಲ್ಲಿ ಜಮೀನು ರೆಡಿ ಇದೆ, ಬನ್ನಿ ಅಂದರು.

ಎರಡೂ ಸಲ ಒಂದೇ ಕಥೆ. ಸರ್ಕಾರಗಳು ಹರಾಜು ಕೂಗ್ತಾ ಇವೆ. ಯಾರ ಜಮೀನು, ಯಾರ ನೀರು ಅನ್ನೋದು ಆ ಕೂಗಿನಲ್ಲಿ ಕೇಳ್ತಾ ಇಲ್ಲ.

ಈಗ ನಾವು ಇಂಜಿನಿಯರ್‌ಗಳು, ಭಾವನೆ ಪಕ್ಕಕ್ಕಿಟ್ಟು ಲೆಕ್ಕ ಮಾಡೋಣ.

ಡೇಟಾ ಸೆಂಟರ್‌ಗೆ ನೀರು ಯಾಕೆ ಬೇಕು? ಸರ್ವರ್ ತಿನ್ನೋ ಕರೆಂಟೆಲ್ಲ ಕೊನೆಗೆ ಶಾಖ ಆಗುತ್ತೆ. ಆ ಶಾಖವನ್ನ ಹೊರಗೆ ಹಾಕಬೇಕು. ಬೀದರ್, ಕಲಬುರಗಿ ಕಡೆಯವರಿಗೆ ಇದನ್ನ ವಿವರಿಸೋದು ಸುಲಭ. ಬೇಸಿಗೆಯಲ್ಲಿ ನಮ್ಮ ಮನೆಗಳಲ್ಲಿ ಕೂಲರ್ ಇಡ್ತೀವಲ್ಲ? ಕರೆಂಟ್ ಬಿಲ್ ಕಡಿಮೆ, ಆದರೆ ದಿನಕ್ಕೆ ಎರಡು ಸಲ ಬಕೆಟ್ ತಂದು ನೀರು ಹೊಯ್ಯಬೇಕು. ಎಸಿ ಹಾಕಿದರೆ ನೀರಿನ ಗೊಡವೆ ಇಲ್ಲ, ಆದರೆ ಬಿಲ್ ನೋಡಿದರೆ ಎದೆ ಧಸಕ್ಕನ್ನುತ್ತೆ. ಡೇಟಾ ಸೆಂಟರ್‌ನಲ್ಲೂ ಇದೇ ಎರಡು ದಾರಿ. ನೀರನ್ನ ಆವಿ ಮಾಡಿ ತಂಪು ಮಾಡೋದು, ಇಲ್ಲಾ ನೀರು ಉಳಿಸಿ ಜಾಸ್ತಿ ಕರೆಂಟ್ ಸುಡೋದು. ಎರಡರ ಮಧ್ಯೆ ನಾನಾ ಬಗೆ ಇವೆ, ಆದರೆ ಪುಕ್ಕಟೆ ದಾರಿ ಅನ್ನೋದು ಯಾವುದೂ ಇಲ್ಲ.

ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ 2016ರಲ್ಲಿ ಕೊಟ್ಟ ವರದಿಯಿಂದ ಒಂದು ಸರಾಸರಿ ಅಂಕಿ ಎಲ್ಲರೂ ಬಳಸ್ತಾರೆ. ಒಂದು ಯೂನಿಟ್ ಕರೆಂಟಿಗೆ 1.8 ಲೀಟರ್ ನೀರು. ಅದನ್ನೇ ಹಿಡಿದು 50 ಮೆಗಾವ್ಯಾಟ್‌ನ ಒಂದು ಮಧ್ಯಮ ಗಾತ್ರದ ಡೇಟಾ ಸೆಂಟರ್ ಊಹಿಸಿಕೊಳ್ಳಿ. 50 ಮೆಗಾವ್ಯಾಟ್ ದಿನವಿಡೀ ಓಡಿದರೆ 12 ಲಕ್ಷ ಯೂನಿಟ್. ಅದಕ್ಕೆ 1.8ರಿಂದ ಗುಣಿಸಿ. ದಿನಕ್ಕೆ 21 ಲಕ್ಷ 60 ಸಾವಿರ ಲೀಟರ್.

ನಮ್ಮ ಅಪಾರ್ಟ್‌ಮೆಂಟಿಗೆ ಏಪ್ರಿಲ್-ಮೇನಲ್ಲಿ 5,000 ಲೀಟರಿನ ಟ್ಯಾಂಕರ್ ಬರುತ್ತೆ. ಅಂಥ 432 ಟ್ಯಾಂಕರ್, ಪ್ರತಿ ದಿನ. ಜಲ ಜೀವನ್ ಮಿಷನ್‌ನಲ್ಲಿ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್ ಅಂತ ಲೆಕ್ಕ. ಆ ಪ್ರಕಾರ ಇದು ಸುಮಾರು 39,000 ಜನರ ನೀರು. ಅಂದ್ರೆ ಒಂದು ಸಣ್ಣ ಪಟ್ಟಣ.

ಇಲ್ಲಿ ನಾನು ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಇದು ಸರಾಸರಿ ಅಂಕಿ. ಎಸಿ ಥರದ ವಿನ್ಯಾಸ ಮಾಡಿದರೆ ನೀರು ಸೊನ್ನೆ ಹತ್ತಿರಕ್ಕೂ ಇಳಿಯಬಹುದು. ಕುಡಿಯೋ ನೀರಿನ ಬದಲು ಶುದ್ಧೀಕರಿಸಿದ ಚರಂಡಿ ನೀರು ಬಳಸಬಹುದು. ಹಾಗಾಗಿ ‘ಡೇಟಾ ಸೆಂಟರ್ ಅಂದ್ರೆ ಊರಿನ ನೀರೆಲ್ಲ ಖಾಲಿ’ ಅಂತ ಫಾರ್ವರ್ಡ್ ಮಾಡೋದೂ ತಪ್ಪು. ‘ಅದು ಬರೀ ಕಂಪ್ಯೂಟರ್ ಇಡೋ ಗೋಡೌನ್, ಏನೂ ಆಗಲ್ಲ’ ಅನ್ನೋದೂ ತಪ್ಪು. ಯಾವ ಡೇಟಾ ಸೆಂಟರ್, ಯಾವ ವಿನ್ಯಾಸ, ಎಲ್ಲಿಯ ನೀರು ಅನ್ನೋದರ ಮೇಲೆ ಎಲ್ಲ ನಿಂತಿದೆ. ಆ ವಿವರ ಊರಿನವರ ಕೈಗೆ ಸಿಗುತ್ತಾ?

ಇಲ್ಲಿಗೆ ಬಂದಾಗ ನನಗೆ ನಮ್ಮ ಸನತ್‌ನಗರವೇ ಪಾಠ ಹೇಳ್ತು.

ನಮ್ಮ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ‘ಪರ್ಯಾವರಣ ಭವನ’ ಅಂತ ಒಂದು ಕಟ್ಟಡ ಇದೆ. ತೆಲಂಗಾಣ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರ ಕಚೇರಿ. ಹತ್ತು ವರ್ಷ ಅದರ ಮುಂದೆ ಓಡಾಡಿದ್ದೀನಿ, ಬೋರ್ಡು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ದೊಡ್ಡ ಕಾರ್ಖಾನೆ, ಗಣಿ ಬರೋ ಮುಂಚೆ ಊರಿನ ಜನರನ್ನ ಸೇರಿಸಿ ಸಾರ್ವಜನಿಕ ಅಹವಾಲು ಸಭೆ ನಡೆಸೋ ಜವಾಬ್ದಾರಿ ಇಂಥ ಮಂಡಳಿಗಳದ್ದು. 2006ರ ಸೆಪ್ಟೆಂಬರ್ 14ರ ಕೇಂದ್ರ ಸರ್ಕಾರದ ಅಧಿಸೂಚನೆಯಲ್ಲಿ ಈ ವ್ಯವಸ್ಥೆ ಇದೆ.

ಆದರೆ ಅದೇ ಅಧಿಸೂಚನೆಯ ಪಟ್ಟಿಯಲ್ಲಿ ಡೇಟಾ ಸೆಂಟರ್ ಅಂತ ಪ್ರತ್ಯೇಕ ಹೆಸರಿಲ್ಲ. 2006ರಲ್ಲಿ ಯಾರು ಊಹಿಸಿದ್ದರು? ಹಾಗಾಗಿ ಅದು ಸಾಮಾನ್ಯವಾಗಿ 8ನೇ ಐಟಂ ಅಡಿ ಬರುತ್ತೆ. ಕಟ್ಟಡ ನಿರ್ಮಾಣ. 20,000 ಚದರ ಮೀಟರ್ ಮೀರಿದರೆ ಪರಿಸರ ಅನುಮತಿ ಬೇಕು, ನಿಜ. ಆದರೆ 8ನೇ ಐಟಂನ ಯೋಜನೆಗಳಿಗೆ ಸಾರ್ವಜನಿಕ ಅಹವಾಲಿನಿಂದ ವಿನಾಯಿತಿ ಇದೆ. ಮಾಲ್, ಅಪಾರ್ಟ್‌ಮೆಂಟ್, ಡೇಟಾ ಸೆಂಟರ್, ಎಲ್ಲ ಒಂದೇ. ಬಿಲ್ಡಿಂಗ್.

ಇನ್ನೊಂದು ಕಡೆ, 2022ರ ಬಜೆಟ್‌ನಲ್ಲಿ ಡೇಟಾ ಸೆಂಟರ್‌ಗಳಿಗೆ ಮೂಲಸೌಕರ್ಯದ ಸ್ಥಾನ ಕೊಡ್ತೀವಿ ಅಂತ ಹಣಕಾಸು ಮಂತ್ರಿ ಘೋಷಿಸಿದರು. ಸಾಲ ಸುಲಭ ಆಗಲಿ ಅಂತ. ಅಂದ್ರೆ ಬ್ಯಾಂಕಿನ ಮುಂದೆ ಹೋದಾಗ ಅದು ದೇಶಕ್ಕೆ ಬೇಕಾದ ಮೂಲಸೌಕರ್ಯ. ಊರಿನ ಮುಂದೆ ಬಂದಾಗ ಬರೀ ಒಂದು ಬಿಲ್ಡಿಂಗ್. ಇದನ್ನ ಓದಿದ ದಿನ ನನಗೆ ಅರ್ಥ ಆಯ್ತು. ಊರಿನವರು ಸಿಟ್ಟಾಗೋದು ಕಂಪ್ಯೂಟರಿನ ಮೇಲಲ್ಲ. ‘ನಮ್ಮನ್ನ ಯಾರೂ ಕೇಳಲೇ ಇಲ್ವಲ್ಲ’ ಅನ್ನೋದರ ಮೇಲೆ.

ನಮ್ಮ ಬೀದರ್ ಕಡೆಯವರಿಗೆ ಈ ಸಿಟ್ಟು ಹೊಸದಲ್ಲ. ಬೀದರಿಂದ ಬಸ್ ಹತ್ತಿದರೆ ಜಹೀರಾಬಾದ್, ಸಂಗಾರೆಡ್ಡಿ ದಾಟಿ ಪಟಾನ್‌ಚೆರು ಬರುತ್ತೆ. ಎಪ್ಪತ್ತರ ದಶಕದಲ್ಲಿ ಅಲ್ಲಿ ಕಾರ್ಖಾನೆಗಳು ಬಂದವು. ಆಗಲೂ ಉದ್ಯೋಗ, ಅಭಿವೃದ್ಧಿ ಅಂದಿದ್ದರು. ಕೊಳಕು ನೀರು ಕೆರೆಗಳಿಗೆ, ನಕ್ಕವಾಗು ಹಳ್ಳಕ್ಕೆ ಹೋಯ್ತು. 1990ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಕೇಸು ದಶಕಗಟ್ಟಲೆ ನಡೀತು. ಆ ಹಳ್ಳ ಹೋಗಿ ಸೇರೋದು ಎಲ್ಲಿಗೆ? ಮಾಂಜ್ರಾ ನದಿಗೆ. ನಮ್ಮ ಬೀದರ್ ಜಿಲ್ಲೆ ಹಾದು ಬರೋ ಅದೇ ಮಾಂಜ್ರಾ. ಹೈದರಾಬಾದಿನ ನಲ್ಲಿಗೂ ಅದರ ನೀರು ಬರುತ್ತೆ, ಸಿಂಗೂರು ಮತ್ತು ಮಂಜೀರಾ ಜಲಾಶಯಗಳಿಂದ. ಡೇಟಾ ಸೆಂಟರ್ ಔಷಧಿ ಕಾರ್ಖಾನೆ ಥರ ವಿಷ ಬಿಡಲ್ಲ, ಒಪ್ತೀನಿ. ಆದರೆ ‘ಮೊದಲು ಕಟ್ಟೋಣ, ಆಮೇಲೆ ನೋಡೋಣ’ ಅನ್ನೋ ಮಾತನ್ನ ಒಂದು ಸಲ ನಂಬಿ ಕೆಟ್ಟ ಜನ ಎರಡನೇ ಸಲ ಪ್ರಶ್ನೆ ಕೇಳಿದರೆ, ಅವರನ್ನ ಅಭಿವೃದ್ಧಿ ವಿರೋಧಿಗಳು ಅನ್ನೋದು ಯಾವ ನ್ಯಾಯ?

‘ಇದೆಲ್ಲ ನಮ್ಮ ದೇಶದಲ್ಲಿ ಮಾತ್ರ, ಫಾರಿನ್‌ನಲ್ಲಿ ಹೀಗಿಲ್ಲ’ ಅಂತ ನಮ್ಮ ಆಫೀಸಿನಲ್ಲಿ ಒಬ್ಬರು ಅಂದರು. ಇದೆ. ಮೂರು ಊರಿನ ಕಥೆ ಚುಟುಕಾಗಿ ಹೇಳ್ತೀನಿ.

ಅಮೆರಿಕದ ಒರೆಗಾನ್ ರಾಜ್ಯದಲ್ಲಿ ದಿ ಡಾಲ್ಸ್ ಅಂತ ಸಣ್ಣ ಪಟ್ಟಣ. ಗೂಗಲ್‌ನ ಡೇಟಾ ಸೆಂಟರ್‌ಗಳು ಎಷ್ಟು ನೀರು ಬಳಸ್ತವೆ ಅಂತ ಒಂದು ಪತ್ರಿಕೆ ಕೇಳ್ತು. ಅದು ವ್ಯಾಪಾರ ರಹಸ್ಯ ಅಂತ ಪಟ್ಟಣದ ಆಡಳಿತವೇ ಪತ್ರಿಕೆ ವಿರುದ್ಧ ಕೋರ್ಟಿಗೆ ಹೋಯ್ತು! ವರ್ಷದ ಮೇಲೆ ಜಗ್ಗಾಡಿ 2022ರ ಡಿಸೆಂಬರ್‌ನಲ್ಲಿ ಅಂಕಿ ಹೊರಗೆ ಬಂತು. 2021ರಲ್ಲಿ ಸುಮಾರು 134 ಕೋಟಿ ಲೀಟರ್. ಇಡೀ ಪಟ್ಟಣ ಬಳಸಿದ ನೀರಿನಲ್ಲಿ ಕಾಲು ಭಾಗಕ್ಕೂ ಜಾಸ್ತಿ.

ನೆದರ್ಲೆಂಡ್ಸ್‌ನ ಜೀವೋಲ್ಡ. ಅದೂ ಸಣ್ಣ ಊರು. ಮೆಟಾ ಕಂಪನಿಗೆ 166 ಹೆಕ್ಟೇರ್ ಕೃಷಿ ಭೂಮಿಯಲ್ಲಿ ಡೇಟಾ ಸೆಂಟರ್ ಕಟ್ಟೋಕೆ ಊರಿನ ಕೌನ್ಸಿಲ್ 2021ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಮೂರು ತಿಂಗಳಿಗೆ ಸ್ಥಳೀಯ ಚುನಾವಣೆ. ಯೋಜನೆ ಬೇಡ ಅಂದ ಸ್ಥಳೀಯ ಪಕ್ಷವೇ ಗೆದ್ದಿತು. 2022ರ ಜುಲೈನಲ್ಲಿ ಮೆಟಾ ಹಿಂದೆ ಸರಿಯಿತು.

ಮೂರನೆಯದು ಚಿಲಿ ದೇಶದ ಸ್ಯಾಂಟಿಯಾಗೊ ಪಕ್ಕದ ಸೆರಿಯೋಸ್. ಬರಗಾಲದ ನಡುವೆ ಗೂಗಲ್ ಅಂತರ್ಜಲ ಎತ್ತೋ ಯೋಜನೆ ತಂದಾಗ ನಿವಾಸಿಗಳು ವರ್ಷಗಟ್ಟಲೆ ಹೋರಾಡಿದರು. 2024ರಲ್ಲಿ ಅಲ್ಲಿನ ಪರಿಸರ ನ್ಯಾಯಾಲಯ ಅನುಮತಿಯನ್ನ ಭಾಗಶಃ ರದ್ದು ಮಾಡ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ನೀರಿನ ಬದಲು ಗಾಳಿಯಿಂದ ತಂಪು ಮಾಡೋ ವಿನ್ಯಾಸದೊಂದಿಗೆ ಮೊದಲಿಂದ ಅರ್ಜಿ ಶುರು ಮಾಡ್ತೀವಿ ಅಂತ ಕಂಪನಿ ಹೇಳ್ತು.

ಮೂರನೇ ಕಥೆ ನನಗೆ ತುಂಬ ಮುಖ್ಯ. ವಿರೋಧದಿಂದ ಅಲ್ಲಿ ವಿನ್ಯಾಸವೇ ಬದಲಾಯ್ತು. ನಾವು ಕೋಡ್ ಬರೆದಾಗ ಪಕ್ಕದವರು ರಿವ್ಯೂ ಮಾಡಿ ಹತ್ತು ತಪ್ಪು ತೋರಿಸಿದರೆ ಕೋಡ್ ಸುಧಾರಿಸುತ್ತೆ. ಊರಿನವರು ಮಾಡಿದ್ದೂ ಅದೇ ರಿವ್ಯೂ. ಅದನ್ನ ತಪ್ಪಿಸಿಕೊಂಡು ಹೋಗೋದು ಯಾವ ಒಳ್ಳೆ ಇಂಜಿನಿಯರಿಂಗ್?

ಈಗ ನಮ್ಮ ವಿಷಯಕ್ಕೆ ಬರ್ತೀನಿ. ಹೈದರಾಬಾದಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗ್ತೀರಲ್ಲ, 44ನೇ ಹೆದ್ದಾರಿ. ಶಂಷಾಬಾದ್ ಆದ ಮೇಲೆ ಶಾದ್‌ನಗರ. ಆ ಕಡೆ ಮೇಕಗೂಡ, ಏಲಿಕಟ್ಟ, ಇನ್ನೊಂದು ಕಡೆ ಚಂದನವೆಲ್ಲಿ. ನಮ್ಮ ಕ್ಲೌಡ್ ಇರೋದು ಇಂಥ ಊರುಗಳಲ್ಲಿ. ಮೈಕ್ರೋಸಾಫ್ಟ್ ಇಲ್ಲೆಲ್ಲ ಜಮೀನು ತಗೊಂಡಿದೆ, ಅಮೆಜಾನ್‌ನ ಹೈದರಾಬಾದ್ ರೀಜನ್ 2022ರ ನವೆಂಬರ್‌ನಲ್ಲಿ ಶುರುವಾಯ್ತು. ಒಂದು ಭಾನುವಾರ ಬೈಕಿನಲ್ಲಿ ಆ ಕಡೆ ಹೋದೆ. ಒಂದು ಹಳ್ಳಿಯಲ್ಲಿ ಚಹಾ ಕುಡೀತಾ ಕೂತಾಗ ಅಂಗಡಿಯ ಹಿರಿಯರು ನನ್ನ ಕೆಲಸ ಏನು ಅಂತ ವಿಚಾರಿಸಿದರು. ಕಂಪ್ಯೂಟರ್ ಅಂದೆ. ಅವರು ಹೆದ್ದಾರಿ ಕಡೆ ಕೈ ತೋರಿಸಿ ತೆಲುಗಿನಲ್ಲಿ ಕೇಳಿದ್ದು ಇಷ್ಟೇ: ‘ಅಂಥ ದೊಡ್ಡ ಕಟ್ಟಡಗಳ ಒಳಗೆ ಏನು ತಯಾರು ಮಾಡ್ತಾರೆ ಬಾಬೂ?’

ನನ್ನ ಬಳಿ ಒಂದು ಸರಳ ವಾಕ್ಯ ಇರಲಿಲ್ಲ. ಎಂಟೆಕ್ ಓದಿದವನು, ಅದೇ ಕೆಲಸದಲ್ಲಿ ಇರೋನು. ನಾನೇ ವಿವರಿಸಲಾಗದೆ ಇದ್ದರೆ ಅವರಿಗೆ ಇನ್ಯಾರು ಹೇಳ್ತಾರೆ?

ವಾಪಸ್ ಬಂದು ನನ್ನ ಸ್ಪ್ರೆಡ್‌ಶೀಟಿನಲ್ಲಿ ‘ನೀರು’ ಅಂತ ಒಂದು ಕಾಲಂ ಸೇರಿಸಿದೆ. ಯಾವ ರೀಜನ್‌ನಲ್ಲಿ ಯೂನಿಟ್ಟಿಗೆ ಎಷ್ಟು ಲೀಟರ್. ಅರ್ಧಕ್ಕರ್ಧ ಖಾಲಿ ಉಳೀತು. ರೀಜನ್‌ವಾರು ಅಂಕಿಗೆ ಕೇಳಿ ಮೇಲ್ ಹಾಕಿದೆ. ‘ಇದು ನಮ್ಮ ಟೀಮಿನ ವಿಷಯ ಅಲ್ಲ, ಕಾಲಂ ತೆಗೆದುಬಿಡು’ ಅಂದರು. ಇಎಂಐ ಇಲ್ಲದಿದ್ದರೂ ಮಗಳ ಸ್ಕೂಲ್ ಫೀಸ್ ಇದೆ, ದೊಡ್ಡ ಜಗಳ ಮಾಡೋ ಧೈರ್ಯ ನನಗಿರಲಿಲ್ಲ. ಆದರೆ ಕಾಲಂ ತೆಗೆದಿಲ್ಲ. ಖಾಲಿಯಾಗಿಯೇ ಬಿಟ್ಟಿದ್ದೀನಿ. ಪ್ರತಿ ರಿವ್ಯೂ ಮೀಟಿಂಗಿನಲ್ಲಿ ಯಾರಾದರೂ ‘ಇದೇನು?’ ಅಂತ ಕೇಳ್ತಾರೆ. ಉತ್ತರ ಹೇಳ್ತೀನಿ. ಸದ್ಯಕ್ಕೆ ನನ್ನ ಕೈಲಾದದ್ದು ಅಷ್ಟು.

ನೀವು ನೋಡ್ತಿರೋ ಈ ವಿಡಿಯೊ ಕೂಡ ಯಾವುದೋ ಡೇಟಾ ಸೆಂಟರ್‌ನಿಂದಲೇ ಬರ್ತಾ ಇದೆ. ನನ್ನ ಸಂಬಳವೂ ಅಲ್ಲಿಂದಲೇ. ಹಾಗಾಗಿ ಎಲ್ಲೂ ಕಟ್ಟಬೇಡಿ ಅನ್ನೋ ಹಕ್ಕು ನನಗಿಲ್ಲ. ಆದರೆ ಊರಿನವರು ಕೇಳಬೇಕಾದ ಪ್ರಶ್ನೆಗಳನ್ನ ಅವರ ಭಾಷೆಗೆ ತಂದುಕೊಡೋದು ನಮಗೆ ಸಾಧ್ಯ. ನಾನು ನಾಲ್ಕು ಬರೆದಿದ್ದೀನಿ.

ಒಂದು, ತಂಪು ಮಾಡೋದು ಹೇಗೆ? ಕೂಲರ್ ಥರವೋ, ಎಸಿ ಥರವೋ? ಬೇಸಿಗೆಯ ಅತಿ ಬಿಸಿ ದಿನ ಎಷ್ಟು ಲೀಟರ್? ವರ್ಷದ ಸರಾಸರಿ ಹೇಳಿ ತಪ್ಪಿಸಿಕೊಳ್ಳಬಾರದು.

ಎರಡು, ಆ ನೀರು ಎಲ್ಲಿಂದ? ಬೋರ್‌ವೆಲ್ಲಾ, ನದಿಯಾ, ಶುದ್ಧೀಕರಿಸಿದ ಚರಂಡಿ ನೀರಾ? ಬರ ಬಂದರೆ ಮೊದಲು ಯಾರ ನೀರು ನಿಲ್ಲುತ್ತೆ?

ಮೂರು, ಕಟ್ಟಡ ಮುಗಿದ ಮೇಲೆ ಕಾಯಂ ಕೆಲಸ ಎಷ್ಟು? ಕಟ್ಟೋವಾಗಿನ ಕೂಲಿ ಲೆಕ್ಕ ಬೇರೆ, ಹತ್ತು ವರ್ಷದ ನಂತರದ ಲೆಕ್ಕ ಬೇರೆ. ಎರಡನ್ನೂ ಬೇರೆಬೇರೆ ಹೇಳಬೇಕು. ಪಂಚಾಯ್ತಿಗೆ ಬರೋ ತೆರಿಗೆ ಎಷ್ಟು ಅನ್ನೋದನ್ನೂ.

ನಾಲ್ಕು, ಪ್ರತಿ ತಿಂಗಳು ಬಳಸಿದ ನೀರು, ಕರೆಂಟ್, ಡೀಸೆಲ್ ಜನರೇಟರ್ ಓಡಿದ ಗಂಟೆ, ಇವನ್ನ ಪಂಚಾಯ್ತಿ ಬೋರ್ಡಿನ ಮೇಲೆ ಬರೆಯೋಕೆ ಒಪ್ತೀರಾ? ನಮ್ಮ ಡ್ಯಾಶ್‌ಬೋರ್ಡಿನಲ್ಲಿ ಸೆಕೆಂಡ್ ಸೆಕೆಂಡಿಗೆ ಅಂಕಿ ಬರುತ್ತೆ. ತಿಂಗಳಿಗೊಂದು ಸಲ ಸೀಮೆಸುಣ್ಣದಲ್ಲಿ ಬರೆಯೋದು ಕಷ್ಟ ಅಂತ ಯಾರೂ ಹೇಳೋ ಹಾಗಿಲ್ಲ.

ಕಳೆದ ತಿಂಗಳು ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಕೂಲರ್ ಲೆಕ್ಕ ಕೂಡಲೇ ಹಿಡಿದರು. ನಾಲ್ಕೂ ಪ್ರಶ್ನೆ ತಮ್ಮ ಡೈರಿಯಲ್ಲಿ ಬರ್ಕೊಂಡರು, ಮೇಷ್ಟ್ರ ಅಕ್ಷರದಲ್ಲಿ, ಒಂದರ ಕೆಳಗೆ ಒಂದು. ಆಮೇಲೆ ಕನ್ನಡಕ ತೆಗೆದು ಕೇಳಿದರು.

‘ಹಂಗಾದ್ರ ನಮ್ ಬೀದರ್‌ಕ ಬರ್ತೀವಿ ಅಂದ್ರ ಬ್ಯಾಡ ಅನ್ನಬೇಕೇನು? ಇಲ್ಲಿ ಹುಡುಗರಿಗಿ ಕೆಲಸ ಇಲ್ಲ. ನೀನೂ ಹೈದರಾಬಾದ್‌ಕ ಹೋಗಿ ಕುಂತಿ.’

ಆ ಮಾತು ಚುಚ್ಚಿತು. ಸುಳ್ಳಲ್ಲವಲ್ಲ.

‘ಬ್ಯಾಡ ಅನಬ್ಯಾಡ್ರಿ ಅಪ್ಪ. ಮೊದಲ ಇವು ನಾಲ್ಕು ಕೇಳ್ರಿ’ ಅಂದೆ.

‘ಉತ್ತರ ಕೊಡಲಿಲ್ಲಂದ್ರ?’

‘ಆಗ ಬ್ಯಾಡ ಅನ್ರಿ.’

ಅಪ್ಪ ಡೈರಿ ಮುಚ್ಚಿಟ್ಟರು.

ಈ ನಾಲ್ಕು ಪ್ರಶ್ನೆ ನಿಮ್ಮ ಊರಿಗೆ, ನಿಮ್ಮ ಪಂಚಾಯ್ತಿಯಲ್ಲಿ ಗೊತ್ತಿರೋರಿಗೆ ಕಳಿಸಿ. ತೆಲುಗು ಬರೋರು ತೆಲುಗಿಗೆ ಮಾಡಿಕೊಡಿ, ಶಾದ್‌ನಗರದ ಕಡೆ ಕೊಡೋಕೆ ನನಗೆ ಬೇಕು. ಆ ಚಹಾ ಅಂಗಡಿಯ ಹಿರಿಯರಿಗೆ ನಾನಿನ್ನೂ ಉತ್ತರ ಬಾಕಿ ಇಟ್ಟಿದ್ದೀನಿ.